ದೋಣಿಯಲ್ಲಿ ಹೆಣ್ಣು ನೋಡಿದ್ದು

ಹೆಣ್ಣು ನೋಡುವುದಕ್ಕೆ ಮನೆ ಎಂಬುದೊಂದು ಇರುತ್ತದೆ. ಮನೆಗೆ ಜಗಲಿ ಇರುತ್ತದೆ, ಜಗಲಿಯಲ್ಲಿ ಚಾಪೆ ಹಾಸಬಹುದು, ಬಂದವರಿಗೆ ಹುಡುಗಿ ಹಿಡಿಸದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೋಗಲು ದಾರಿಯಾದರೂ ಇರುತ್ತದೆ. ಸವಣೂರಿನ ಗೌರೀಶಂಕರ ಭಟ್ಟರ ತಲೆಗೆ ಇಷ್ಟು ಸಣ್ಣ ಸಂಗತಿ ಹೋಗಲಿಲ್ಲ. ಮಗಳು ವಸುಮತಿಯನ್ನು ಮನೆಯಲ್ಲಿ ಮೂರು ಕಡೆಯವರು ನೋಡಿ ಹೋಗಿದ್ದರು. ಒಬ್ಬರು ಹುಡುಗಿ ಉದ್ದ ಎಂದರು, ಇನ್ನೊಬ್ಬರು ಜಾತಕ ಎಂದರು, ಮೂರನೆಯವರು ಏನೂ ಅನ್ನದೆ ಸುಮ್ಮನಾದರು. ದೋಷ ಇರುವುದು ಜಗಲಿಯಲ್ಲೇ ಎಂದು ಭಟ್ಟರು ತೀರ್ಮಾನಿಸಿದರು. ಈ ಸಲ ದೋಣಿಯಲ್ಲಿ ನೋಡಲಿ ಎಂದರು.

ಆ ದೋಣಿಯ ಕಥೆಯನ್ನು ನೆನೆದರೆ ವಸುಮತಿಗೆ ಮೈ ಉರಿಯುತ್ತಿತ್ತು. ಭಟ್ಟರು ಒಮ್ಮೆ ಪಾಣೆಮಂಗಳೂರಿನ ಸೇತುವೆಯ ಮೇಲೆ ನಿಂತಿದ್ದಾಗ ಯಾರೋ ಇಂಗ್ಲಿಷ್ ದೊರೆ ಹಾಯಿ ಬಿಚ್ಚಿದ ದೋಣಿಯಲ್ಲಿ ಕುರ್ಚಿ ಹಾಕಿ ಕೂತು ಚಹಾ ಕುಡಿಯುತ್ತ ಹೋದದ್ದನ್ನು ನೋಡಿದ್ದರಂತೆ. ಅಂದಿನಿಂದ ಅವರಿಗೆ ಹಿಡಿದ ಹುಚ್ಚು ಇಳಿಯಲಿಲ್ಲ. ದೊರೆಗಳೆಲ್ಲ ಊರು ಬಿಟ್ಟು ಹನ್ನೊಂದು ವರ್ಷ ಕಳೆದ ಮೇಲೆ ಭಟ್ಟರು ಒಂದು ಹಳೇ ದೋಣಿ ಕೊಂಡರು. ಅದು ಮಂಗಳೂರಿನಿಂದ ಒಣಮೀನು ಹೊತ್ತು ತರುತ್ತಿದ್ದ ದೋಣಿ. ನೀಲಿ ಬಣ್ಣ ಬಳಿಸಿದರು, ಕೆಂಪಕ್ಷರದಲ್ಲಿ ‘ಜಲಲಕ್ಷ್ಮಿ’ ಎಂದು ಬರೆಸಿದರು, ಹೊಸ ಹಾಯಿ ಹೊಲಿಸಿದರು, ನಡುವೆ ತೆಂಗಿನ ಮಡಲು ಹೊದೆಸಿದ ಮಾಡು ಕಟ್ಟಿಸಿದರು, ನಡೆಸುವುದಕ್ಕೆ ಹೈದರ್ ಬ್ಯಾರಿಯನ್ನು ಗೊತ್ತು ಮಾಡಿದರು. ಮಾಡಿನ ಕೆಳಗೆ ಒಂದು ಕುರ್ಚಿ ಬಂತು. ಅದರಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿದರೆ ತಾನು ಅಡಿಕೆ ತೋಟದ ಭಟ್ಟ ಎಂಬುದು ಅವರಿಗೇ ಮರೆತುಹೋಗುತ್ತಿತ್ತು.

ನೋಡಲು ಬರುವವರು ಸುಳ್ಯದ ಹತ್ತಿರ ಅಜ್ಜಾವರದವರು. ಹುಡುಗನ ಹೆಸರು ಕೃಷ್ಣಮೋಹನ, ಮಂಗಳೂರಿನಲ್ಲಿ ಬಿ.ಎ. ಓದಿದವನು. ತಂದೆ ಇಲ್ಲ, ತಾಯಿ ಶಂಕರಿಯಮ್ಮ. ಭಟ್ಟರ ಲೆಕ್ಕಾಚಾರ ಹೀಗಿತ್ತು: ಬೆಳಿಗ್ಗೆ ಆಲಂಕಾರಿನ ಕೆಳಗಿನ ಕಡವಿನಲ್ಲಿ ಎಲ್ಲರೂ ದೋಣಿ ಹತ್ತುವುದು, ಕುಮಾರಧಾರೆಯ ಮೇಲೆ ಹಾಯಿ ಬಿಚ್ಚಿ ತಣ್ಣಗೆ ತೇಲುತ್ತ ಹೋಗುವುದು, ದಾರಿಯಲ್ಲಿ ಕಾಫಿ ತಿಂಡಿ, ಹುಡುಗಿ ನೋಡುವುದು, ಮಧ್ಯಾಹ್ನದ ಒಳಗೆ ಉಪ್ಪಿನಂಗಡಿ. ಅಲ್ಲಿ ಹುಡುಗನ ಕಡೆಯವರು ಖುಷಿಯಲ್ಲಿ ಬಸ್ಸು ಹತ್ತುವುದು.

“ಇದೊಂದು ತಪ್ಪಿದ್ರೆ ಮತ್ತೆ ನನ್ನತ್ರ ಕೇಳ್ಬೇಡ. ವಿಟ್ಲದವರಿಗೆ ಹೂಂ ಹೇಳಿಬಿಡುದು,” ಎಂದು ಹಿಂದಿನ ದಿನವೇ ಭಟ್ಟರು ಮಗಳಿಗೆ ಹೇಳಿದ್ದರು. ವಿಟ್ಲದವರೆಂದರೆ ನಲವತ್ತು ದಾಟಿದ, ಹೆಂಡತಿ ತೀರಿಹೋದ, ಎರಡು ಮಕ್ಕಳಿರುವ ಮನುಷ್ಯ. ವಸುಮತಿಗೆ ಇಪ್ಪತ್ತೆರಡು. ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಜ್ಜಾವರದವನು ಕುಂಟನೋ ಕುರುಡನೋ ಆಗಿರದಿದ್ದರೆ ಸಾಕು ದೇವರೇ ಎಂದು ಬೇಡಿಕೊಂಡಿದ್ದಳು. ಬೇಡಿದ್ದು ಕಡಿಮೆಯಾಯಿತು ಎಂದು ಮರುದಿನ ಗೊತ್ತಾಯಿತು.

ದೀಪಾವಳಿ ಕಳೆದು ಮಳೆ ಮುಗಿದ ಕಾಲ ಅದು. ಆದರೆ ಘಟ್ಟದ ಮೇಲೆ ರಾತ್ರಿಯೇ ಹೊಯ್ದಿತ್ತು. ದೋಣಿ ಕಡವು ಬಿಟ್ಟು ಎರಡು ತಿರುವು ದಾಟುವಷ್ಟರಲ್ಲಿ ಇಲ್ಲೂ ಹಿಡಿಯಿತು. ಗಾಳಿ ಗುಡುಗು ಒಂದೂ ಇಲ್ಲದ, ಮುಗಿಯುವ ಆತುರವೇ ಇಲ್ಲದ ಮಳೆ. ಹೊಸ ಹಾಯಿ ನೆನೆದು ಒಗೆಯುವ ಬಟ್ಟೆಯ ಹಾಗೆ ಜೋತುಬಿತ್ತು. ಹೊಳೆಯ ನೀರು ನೋಡುತ್ತಿದ್ದಂತೆ ಕೆಂಪಾಯಿತು. ಹೈದರ್ ದೋಣಿಯನ್ನು ಒಂದು ದೊಡ್ಡ ಬಂಡೆಯ ಮರೆಗೆ ತಿರುಗಿಸಿ, ನೀರು ನಿಂತಂತಿದ್ದ ಮಡುವಿನಲ್ಲಿ ಲಂಗರು ಇಳಿಸಿದ.

“ಎಂತ ಹೈದರ್, ನಿಲ್ಲಿಸಿದ್ದು?” ಎಂದರು ಭಟ್ಟರು ಕುರ್ಚಿಯಿಂದ.

“ಮುಂದೆ ಕಲ್ಲಿನ ಸಂದು ಉಂಟಲ್ಲ ಭಟ್ರೆ. ಈ ನೀರಲ್ಲಿ ಬಿಟ್ರೆ ನಿಮ್ಮ ಲಕ್ಷ್ಮಿ ಎರಡು ತುಂಡು. ನೀರು ಇಳಿಯುವವರೆಗೆ ಇಲ್ಲೇ.”

“ದಡಕ್ಕೆ ಹೋಗ್ಲಿಕ್ಕೆ?”

ಹೈದರ್ ಎರಡೂ ದಡ ತೋರಿಸಿದ. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ಮುಳ್ಳಿನ ಕಾಡು. “ಹೋಗಿ ಮಾರಾಯ್ರೆ, ಯಾರು ಬೇಡ ಹೇಳಿದ್ದು?” ಎಂದು ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದ.

ಮಳೆ ಬಿದ್ದು ಹಲಗೆಗಳು ನೆನೆದ ಮೇಲೆ ನೀಲಿ ಬಣ್ಣದ ಅಡಿಯಿಂದ ಒಣಮೀನಿನ ವಾಸನೆ ನಿಧಾನವಾಗಿ ಎದ್ದಿತು. ಶಂಕರಿಯಮ್ಮ ಸೆರಗಿನ ತುದಿಯನ್ನು ಮೂಗಿಗೆ ಒತ್ತಿದರು. “ಇದೆಂತ ವಾಸನೆ ಭಟ್ರೆ?” ಎಂದು ಕೇಳಿದರು.

“ಹೊಳೆಯದ್ದು. ಹೊಳೆ ನೀರು ಹೊಸತು ಬಂದಾಗ ಹಾಗೆ ಬರ್ತದೆ,” ಎಂದರು ಭಟ್ಟರು. ಮುಖದಲ್ಲಿ ಒಂದು ಗೆರೆ ಆಚೀಚೆ ಆಗಲಿಲ್ಲ. ವಸುಮತಿ ಅಪ್ಪನನ್ನು ನೋಡಿದಳು. ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಬರುವ ಮನುಷ್ಯ ಮೂರು ಸಂಬಂಧ ಹೇಗೆ ಕಳಕೊಂಡರೋ ಎಂದು ಅವಳಿಗೆ ಆಶ್ಚರ್ಯವಾಯಿತು.

ಹೆಣ್ಣು ನೋಡುವ ಶಾಸ್ತ್ರ ಅಲ್ಲೇ ಮುಗಿಯಿತು. ಅವಲಕ್ಕಿ, ಸಜ್ಜಿಗೆ, ಬಾಳೆಹಣ್ಣು, ಕಾಫಿ. ತಟ್ಟೆ ತಂದಿಟ್ಟವಳು ವಸುಮತಿ. ಕೃಷ್ಣಮೋಹನ ಕುಂಟನೂ ಅಲ್ಲ, ಕುರುಡನೂ ಅಲ್ಲ, ನೋಡಲು ಲಕ್ಷಣವಾಗಿದ್ದ. ಬಿಳಿ ಬುಶ್‌ಶರ್ಟು, ಕೈಯಲ್ಲಿ ಗಡಿಯಾರ. ಒಂದು ಕ್ಷಣ ಅವಳ ಎದೆ ಹಗುರವಾದದ್ದೂ ಸುಳ್ಳಲ್ಲ. ಅಷ್ಟರಲ್ಲಿ ಭಟ್ಟರು, “ಇನ್ನು ಸ್ವಲ್ಪ ಸಜ್ಜಿಗೆ ಹಾಕ್ಲಾ?” ಎಂದು ಅವನನ್ನು ಕೇಳಿದರು. ಅವನು ತಾಯಿಯ ಮುಖ ನೋಡಿದ. ತಾಯಿ ತಲೆಯಾಡಿಸಿದ ಮೇಲೆ, “ಸ್ವಲ್ಪ,” ಎಂದ. ಕಾಫಿಗೆ ಸಕ್ಕರೆ ಸಾಕಾ ಎಂದರೆ ತಾಯಿಯ ಮುಖ. ಮಂಗಳೂರು ಹೇಗೆ ಎಂದರೆ ತಾಯಿಯ ಮುಖ. ಮಂಗಳೂರಿನಲ್ಲಿ ಓದಿದ್ದು ಇವನೋ ಅವರೋ ಎಂದು ವಸುಮತಿಗೆ ನಗೆ ಬಂತು, ಕೆಳಗೆ ನೋಡಿ ತಡೆದುಕೊಂಡಳು. ಹುಡುಗಿ ನಾಚುತ್ತಾಳೆ ಎಂದು ಭಟ್ಟರಿಗೆ ಸಂತೋಷವಾಯಿತು.

ಮಧ್ಯಾಹ್ನವಾಯಿತು. ಮಳೆ ಹೊಯ್ಯುತ್ತಲೇ ಇತ್ತು.

ತೊಂದರೆ ಶುರುವಾದದ್ದು ಇಲ್ಲಿ. ದೋಣಿಯಲ್ಲಿ ಊಟ ಇರಲಿಲ್ಲವೇ ಎಂದರೆ, ಬೇಕಾದಷ್ಟಿತ್ತು. ವಸುಮತಿಯ ತಾಯಿ ಮನೋರಮಾ ನಸುಕಿಗೆ ಎದ್ದು ಅನ್ನ, ಸೌತೆಕಾಯಿಯ ಹುಳಿ, ಬಾಳೆಕಾಯಿ ಪಲ್ಯ, ಹೆಸರುಬೇಳೆ ಪಾಯಸ ಎಲ್ಲ ಮಾಡಿ, ಪಾತ್ರೆಗಳ ಬಾಯಿಗೆ ಬಾಳೆಲೆ ಕಟ್ಟಿ ತಂದಿದ್ದರು. ಉಪ್ಪಿನಂಗಡಿಯಲ್ಲಿ ಬಂದವರನ್ನು ಕಳಿಸಿದ ಮೇಲೆ ತಾವು ಮೂವರೂ ಉಣ್ಣುವುದಕ್ಕೆ. ಆದರೆ ಹೆಣ್ಣು ನೋಡಲು ಬಂದವರು ಕಾಫಿ ತಿಂಡಿ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು. ಎಲೆ ಹಾಕಿ ಅನ್ನ ಬಡಿಸಿಕೊಂಡರೆ ಮಾತ್ರ ಸಂಬಂಧ ಒಪ್ಪಿದ ಹಾಗೆ. ಉಂಡು ಎದ್ದ ಮೇಲೆ ಬೇಡ ಎಂದವರಿಗೆ ಊರಲ್ಲಿ ಮತ್ತೆ ಯಾರೂ ಮಣೆ ಹಾಕುವುದಿಲ್ಲ. ಇದು ಭಟ್ಟರಿಗೂ ಗೊತ್ತು, ಶಂಕರಿಯಮ್ಮನಿಗೂ ಗೊತ್ತು.

ಭಟ್ಟರ ಕಣ್ಣಲ್ಲಿ ಒಂದು ಮಿಂಚು ಬಂತು. ಮಳೆ ಅವರ ಪಕ್ಷಕ್ಕೆ ಬಂದುಬಿಟ್ಟಿತ್ತು.

“ಹೊತ್ತು ಮೀರಿತಲ್ಲ ಶಂಕರಿಯಮ್ಮ. ಎಲೆ ಹಾಕ್ಲಿಕ್ಕೆ ಹೇಳ್ಲಾ?” ಎಂದರು ಬೆಣ್ಣೆಯಂಥ ದನಿಯಲ್ಲಿ.

“ಬೇಡ ಬೇಡ. ನಮಗೆ ಹಸಿವಿಲ್ಲ,” ಎಂದರು ಶಂಕರಿಯಮ್ಮ. “ಶುಕ್ರವಾರ ಇನ್ನೊಂದು ಕಡೆ ನೋಡ್ಲಿಕ್ಕೆ ಉಂಟು. ಅದೂ ಆಗ್ಲಿ ಅಂತ.”

ಹುಡುಗಿ ಎದುರಿಗೇ ಕೂತಿದ್ದಾಳೆ ಎಂಬ ಮಾನ ಮರ್ಯಾದೆ ಆ ಹೆಂಗಸಿಗೆ ಇರಲಿಲ್ಲ. ತರಕಾರಿ ಅಂಗಡಿಯಲ್ಲಿ ಬದನೆ ಹಿಸುಕಿ ನೋಡಿ ಕೆಳಗಿಡುವವರಂತೆ ಹೇಳಿದರು. ವಸುಮತಿಗೆ ಕೆನ್ನೆ ಬಿಸಿಯಾಯಿತು. ಎಲಾ ಹೆಂಗಸೇ, ಎಂದುಕೊಂಡಳು.

ಬಂದವರು ಉಣ್ಣದೆ ಮನೆಯವರು ಉಣ್ಣುವ ಹಾಗಿಲ್ಲ. ಹೀಗೆ ತುಂಬಿದ ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಐದು ಜನ ಉಪವಾಸ ಕೂತರು. ಹೊಳೆಯ ನಡುವೆ ಅಲುಗದೆ ನಿಂತ ದೋಣಿ, ಮಾಡಿನ ಮೇಲೆ ಮಳೆಯ ಒಂದೇ ಸದ್ದು. ಇದರ ನಡುವೆ ಯಾರದೋ ಹೊಟ್ಟೆ ಗೊರ್ ಎಂದಿತು. ಎಲ್ಲರೂ ಹೊಳೆ ನೋಡಿದರು. ಹಿಂಭಾಗದಲ್ಲಿ, ಮಾಡಿನ ಅಂಚಿನಡಿ, ಹೈದರ್ ಸಣ್ಣ ಒಲೆ ಹೊತ್ತಿಸಿ ಗಂಜಿ ಬೇಯಿಸಿ, ಮೀನು ಸುಟ್ಟು, ನೆಮ್ಮದಿಯಲ್ಲಿ ಉಂಡ.

“ನನ್ನದು ನಿಮಗೆ ಆಗುದಿಲ್ಲ. ನಿಮ್ಮದೇ ಉಂಟಲ್ಲ, ಉಣ್ಣಿ ಮಾರಾಯ್ರೆ. ಇದೆಂತ ಏಕಾದಶಿ?” ಎಂದ.

ಭಟ್ಟರು ಮತ್ತೆ ಮತ್ತೆ ಪಾಯಸದ ಮಾತು ತೆಗೆದರು. ತೆಂಗಿನ ಹಾಲು ಹಾಕಿದ್ದು ಎಂದರು. ಏಲಕ್ಕಿ ಘಟ್ಟದ ಮೇಲಿನದ್ದು ಎಂದರು. ಮಗಳನ್ನು ಕೊಡುವುದಕ್ಕೆ ಹೊರಟವರೋ ಇಲಿಬೋನಿಗೆ ಕೊಬ್ಬರಿ ಕಟ್ಟುವವರೋ ಎಂದು ವಸುಮತಿ ಹಲ್ಲು ಕಚ್ಚಿದಳು. ಹುಡುಗನ ಗಂಟಲು ಏಲಕ್ಕಿ ಎಂದಾಗಲೆಲ್ಲ ಮೇಲೆ ಕೆಳಗೆ ಆಗುತ್ತಿತ್ತು. ತಾಯಿ ಮಾತ್ರ ಕಲ್ಲು. ಆ ಹಟವನ್ನು ಯಾವುದಾದರೂ ಒಳ್ಳೆ ಕೆಲಸಕ್ಕೆ ಹಾಕಿದ್ದರೆ ಅಜ್ಜಾವರ ಉದ್ಧಾರವಾಗುತ್ತಿತ್ತು.

ಮೂರು ಗಂಟೆಯ ಹೊತ್ತಿಗೆ ಶಂಕರಿಯಮ್ಮ ತಲೆನೋವೆಂದು ಮಲಗಿ ಗೊರಕೆ ಹೊಡೆದರು. ಭಟ್ಟರು ಕುರ್ಚಿಯಲ್ಲೇ ಬಾಯಿ ಕಳೆದು ನಿದ್ದೆ ಹೋದರು. ಮಾಡಿನ ಮುಂಭಾಗದಲ್ಲಿ ಹಳೇ ಸೀರೆ ಕಟ್ಟಿ ಮಾಡಿದ ಮರೆಯ ಹಿಂದೆ ಅಡಿಗೆಯ ಪಾತ್ರೆಗಳಿದ್ದವು. ಅಲ್ಲೇ ಗೋಣಿಯ ಮೇಲೆ ಮನೋರಮಾ ಮಗ್ಗುಲಾಗಿದ್ದರು. ಪಾತ್ರೆಗಳ ಪಕ್ಕ ಕೂತು ವಸುಮತಿ ಮಳೆ ನೋಡುತ್ತಿದ್ದಳು. ಸೀರೆ ಸರಿಯಿತು. ನೋಡಿದರೆ ಕೃಷ್ಣಮೋಹನ.

ಇವನು ತನ್ನ ಹತ್ತಿರ ಏನೋ ಮಾತಾಡಲು ಬಂದ ಎಂದುಕೊಂಡಳು ಅವಳು. ತಾಯಿಯ ಕಣ್ಣು ತಪ್ಪಿಸಿ ಬಂದನಲ್ಲ, ಅಷ್ಟಾದರೂ ಗಂಡಸ್ತನ ಇದೆಯಲ್ಲ, ಎಂದು ಒಂದು ಗಳಿಗೆ ಅವಳಿಗೆ ಅವನ ಮೇಲೆ ಮನಸ್ಸೇ ಬಂತು. ವಿಟ್ಲದ ಮನುಷ್ಯ ದೂರ ದೂರ ಹೋದ.

“ಸ್ವಲ್ಪ ಅನ್ನ ಹಾಕ್ತೀರಾ?” ಎಂದ ಕೃಷ್ಣಮೋಹನ ಪಿಸುದನಿಯಲ್ಲಿ. “ಹಸಿವು ತಡೀಲಿಕ್ಕೆ ಆಗುದಿಲ್ಲ ನನಗೆ. ಅಮ್ಮನಿಗೆ ಗೊತ್ತಾಗುದು ಬೇಡ.”

ವಸುಮತಿ ಅವನನ್ನೇ ನೋಡಿದಳು. “ಉಂಡರೆ ಎಂತ ಅರ್ಥ ಅಂತ ಗೊತ್ತುಂಟಲ್ಲ ನಿಮಗೆ?”

“ಗೊತ್ತುಂಟು. ನನಗೆ ನೀವು ಒಪ್ಪಿಗೆಯೇ. ಸಂಜೆ ಅಮ್ಮನತ್ರ ನಾನೇ ಹೇಳ್ತೇನೆ. ಆಣೆಗೂ ಹೇಳ್ತೇನೆ.” ಹೇಳುವಾಗ ಅವನ ಕಣ್ಣು ಇದ್ದದ್ದು ಹುಳಿಯ ಪಾತ್ರೆಯ ಮೇಲೆ.

ಅವಳು ಎಲೆ ಹಾಕಿದಳು. ಅನ್ನ ಬಡಿಸಿದಳು, ಹುಳಿ ಬಡಿಸಿದಳು. ಬಿ.ಎ. ಓದಿದ ಹುಡುಗ ಕುಕ್ಕರಗಾಲಲ್ಲಿ ಕೂತು, ತಾಯಿಯ ಗೊರಕೆ ನಿಂತಾಗಲೆಲ್ಲ ತುತ್ತು ಬಾಯಲ್ಲಿಟ್ಟುಕೊಂಡು ಅಗಿಯುವುದು ನಿಲ್ಲಿಸಿ, ಗೊರಕೆ ಮತ್ತೆ ಶುರುವಾದಾಗ ಅಗಿದು, ಮೂರು ಸಲ ಅನ್ನ ಹಾಕಿಸಿಕೊಂಡು ಉಂಡ. ಒಂದು ಸಲವಾದರೂ ತಲೆಯೆತ್ತಿ ಬಡಿಸುವವಳ ಮುಖ ನೋಡಲಿಲ್ಲ. ನೀವು ಉಂಡಿರಾ ಎಂದು ಕೇಳಲಿಲ್ಲ. ಕೊನೆಗೆ ಎಲೆಯನ್ನು ತಾನೇ ಮಡಚಿ ಸದ್ದಾಗದಂತೆ ಹೊಳೆಗೆ ಬಿಟ್ಟು, ಕೈ ತೊಳೆದು, ಬುಶ್‌ಶರ್ಟಿನ ಮೇಲೆ ಕಲೆಯಾಯಿತೋ ಎಂದು ನೋಡಿಕೊಂಡು ಹೋದ. ಹಿಂಭಾಗದಿಂದ, ಸರಿದ ಸೀರೆಯ ಸಂದಿಯಲ್ಲಿ, ಹೈದರ್ ಎಲ್ಲವನ್ನೂ ನೋಡಿ ಕೆಂಪಗೆ ಉಗುಳಿದ.

ವಸುಮತಿಗೆ ಅಳು ಬರಬೇಕಾಗಿತ್ತು. ಬಂದದ್ದು ಹೇಸಿಗೆ. ಆದರೂ ಸಂಜೆ ತಾಯಿಗೆ ಹೇಳಲಿ ನೋಡುವ ಎಂದು ಕಾದಳು. ಹೇಳಿದರೆ ಹಸಿದ ಹೊತ್ತಿನ ಅವಸ್ಥೆ ಎಂದು ಎಲ್ಲವನ್ನೂ ಮರೆಯಲು ಅವಳು ಸಿದ್ಧಳಿದ್ದಳು. ಹುಡುಗಿಯರು ಇದಕ್ಕಿಂತ ದೊಡ್ಡದನ್ನು ಮರೆತು ಸಂಸಾರ ಮಾಡುತ್ತಾರೆ.

ಸಂಜೆಯ ಹೊತ್ತಿಗೆ ಮಳೆ ಸಣ್ಣದಾಯಿತು, ನೀರು ಇಳಿಯಿತು. ಹೈದರ್ ಲಂಗರು ಎತ್ತಿ, ಗಳ ಊರಿ, ಕಲ್ಲಿನ ಸಂದು ದಾಟಿಸಿ ಉಪ್ಪಿನಂಗಡಿಯ ಕಡವಿಗೆ ದೋಣಿ ಮುಟ್ಟಿಸಿದ. ದಾರಿಯುದ್ದಕ್ಕೂ ಕೃಷ್ಣಮೋಹನ ತಾಯಿಯ ಹತ್ತಿರ ಆ ಮಾತು ಎತ್ತಲಿಲ್ಲ. ಶಂಕರಿಯಮ್ಮ ಸೆರಗು ಕೊಡವಿ ಎದ್ದರು. ಗೆದ್ದವರ ಗತ್ತು ಅವರ ಮುಖದಲ್ಲಿತ್ತು.

“ಹಾಗಾದ್ರೆ ನಾವು ಬರುದು ಭಟ್ರೆ. ಆಲೋಚನೆ ಮಾಡಿ ತಿಳಿಸ್ತೇವೆ. ಊಟ ಗೀಟ ಎಂತದ್ದೂ ಆಗ್ಲಿಲ್ಲಲ್ಲ, ಯಾರಿಗೂ ಭಾರ ಇಲ್ಲ.”

ಆಗ ಇಡೀ ದಿನ ಬಾಯಿ ಬಿಡದ ಮನೋರಮಾ ಅನ್ನದ ಪಾತ್ರೆಯನ್ನು ಎತ್ತಿ ತಂದು ನಡುವೆ ಇಟ್ಟರು. ಕಟ್ಟಿದ ಬಾಳೆಲೆ ಸರಿಸಿದರು. ಅನ್ನ ಒಂದು ಬದಿಯಲ್ಲಿ ಗುಂಡಿ ಬಿದ್ದಿತ್ತು.

“ಇದರಿಂದ ಯಾರು ಉಂಡದ್ದು?” ಎಂದು ಕೇಳಿದರು.

ಭಟ್ಟರ ಕಣ್ಣು ಅಗಲವಾಯಿತು. ಅವರು ಪಾತ್ರೆ ನೋಡಿದರು, ಹುಡುಗನನ್ನು ನೋಡಿದರು. ಶಂಕರಿಯಮ್ಮ ಗಕ್ಕನೆ ಮಗನ ಕಡೆ ತಿರುಗಿದರು. “ಮೋಹನಾ! ನೀನು ಉಂಡ್ಯಾ?”

“ಇಲ್ಲಮ್ಮ,” ಎಂದ ಕೃಷ್ಣಮೋಹನ. “ನಾನು ಉಣ್ಲಿಲ್ಲ. ಮುಟ್ಟಲೇ ಇಲ್ಲ.”

ವಸುಮತಿ ಒಂದು ಮಾತು ಆಡಿದರೆ ಸಾಕಿತ್ತು. ಹೈದರ್ ಸಾಕ್ಷಿ ಹೇಳುತ್ತಿದ್ದ. ಶಂಕರಿಯಮ್ಮ ಅತ್ತು ಕರೆದರೂ ಊರಿನ ಎದುರು ತಲೆ ಎತ್ತಲಾಗದೆ ಮದುವೆ ಮಾಡಿಸುತ್ತಿದ್ದರು. ಬರುವ ತಿಂಗಳಲ್ಲೇ ಓಲಗ ಊದಿಸಬಹುದಿತ್ತು, ವಿಟ್ಲದ ಕಾಟವೂ ತಪ್ಪುತ್ತಿತ್ತು. ಅವಳಿಗೆ ಭಯವಾಗಿತ್ತು. ಅವಳು ಹುಡುಗನ ಮುಖ ನೋಡಿದಳು. ಅವನು ಮೊದಲನೇ ಸಲ ಅವಳ ಮುಖವನ್ನು ನೇರವಾಗಿ ನೋಡುತ್ತಿದ್ದ. ಕಣ್ಣಲ್ಲಿ ಕೈಮುಗಿಯುತ್ತಿದ್ದ. ಈ ಮುಖವನ್ನು ದಿನಾ ಬೆಳಿಗ್ಗೆ ಎದ್ದು ನೋಡುವುದೇ? ಛೀ!

“ನಾನು ಉಂಡದ್ದು,” ಎಂದಳು ವಸುಮತಿ.

“ಅಯ್ಯೋ ಶಿವನೇ!” ಎಂದರು ಶಂಕರಿಯಮ್ಮ. “ಬಂದವರು ಬಾಯಿ ಒಣಗಿಸಿ ಕೂತಿರುವಾಗ ಹುಡುಗಿ ಮರೆಯಲ್ಲಿ ಕೂತು ಬಾರಿಸಿದ್ದಾ? ಇಂಥ ಹೊಟ್ಟೆಬಾಕಿಯನ್ನು ಮನೆ ತುಂಬಿಸಿಕೊಂಡರೆ ನಾವು ಬದುಕಿದ ಹಾಗೇ! ತಿಳಿಸುದೂ ಬೇಡ, ಎಂತದ್ದೂ ಬೇಡ. ನಡಿ ಮೋಹನ.” ಹೈದರ್ ಹಾಕಿದ ಹಲಗೆಯ ಮೇಲೆ ಅವರು ದಡದಡ ಇಳಿದು ಮರಳಿನ ಮೇಲೆ ನಡೆದೇಬಿಟ್ಟರು.

ಕೃಷ್ಣಮೋಹನ ಒಂದು ಹೆಜ್ಜೆ ಹಿಂದೆ ಉಳಿದ. ಮುಖದಲ್ಲಿ ಬದುಕಿದೆನಪ್ಪಾ ಎಂಬ ಕಳೆ. “ದೊಡ್ಡ ಉಪಕಾರ ಆಯ್ತು ನಿಮ್ಮಿಂದ,” ಎಂದ ಮೆಲ್ಲಗೆ. “ಅಮ್ಮನನ್ನು ನಿಧಾನಕ್ಕೆ ಒಪ್ಪಿಸ್ತೇನೆ. ನನಗೆ ನೀವು ಒಪ್ಪಿಗೆ ಉಂಟು.”

“ನನಗೆ ನೀವು ಒಪ್ಪಿಗೆ ಇಲ್ಲ,” ಎಂದಳು ವಸುಮತಿ. “ನಾನು ಬಡಿಸಿದ್ದು ಹಸಿದವನಿಗೆ, ಮದುಮಗನಿಗೆ ಅಲ್ಲ. ಉಂಡಾಯ್ತಲ್ಲ, ಇಳೀರಿ.”

ಅವಳು ಪಿಸುಗುಟ್ಟಿರಲಿಲ್ಲ. ಭಟ್ಟರಿಗೆ ಕೇಳಿಸಿತು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟರಲ್ಲಿ ಹುಡುಗ ಮರಳಿಗೆ ಹಾರಿ ತಾಯಿಯ ಹಿಂದೆ ಓಡಿದ್ದ.

“ಉಂಡನಾ? ಅವನು ಉಂಡನಾ?” ಭಟ್ಟರು ಕುರ್ಚಿ ಉರುಳಿಸಿ ಎದ್ದರು. “ಹಾಗಾದ್ರೆ ಆಯ್ತಲ್ಲ! ಒಪ್ಪಿದ ಹಾಗೇ! ಶಂಕರಿಯಮ್ಮಾ, ನಿಲ್ಲಿ!” ಎಂದು ಹಲಗೆಯ ಕಡೆ ಹಾರಿದರು.

“ಹೈದರ್, ಹಲಗೆ ತೆಗಿ. ದೋಣಿ ಬಿಡು,” ಎಂದರು ಮನೋರಮಾ.

ಹೈದರ್ ಭಟ್ಟರ ಮುಖ ನೋಡಲಿಲ್ಲ. ಹಲಗೆ ಎಳೆದ, ಗಳ ಊರಿದ. ದಡ ದೂರವಾಯಿತು. ಭಟ್ಟರು ಅಂಚಿನಲ್ಲಿ ಒಂದು ಕಾಲೆತ್ತಿ ನಿಂತು, ನೀರು ನೋಡಿ, ಎತ್ತಿದ ಕಾಲನ್ನು ಕೆಳಗಿಟ್ಟರು.

“ನಿನಗೆಂತ ಹುಚ್ಚಾ?” ಎಂದು ಹೆಂಡತಿಯ ಮೇಲೆ ಹರಿಹಾಯ್ದರು.

“ನಾನು ನಿದ್ದೆ ಮಾಡಿರ್ಲಿಲ್ಲ,” ಎಂದರು ಮನೋರಮಾ. “ಅವನು ಉಂಡದ್ದೂ ಕೇಳಿದೆ, ಆಣೆ ಹಾಕಿದ್ದೂ ಕೇಳಿದೆ. ಎಲ್ಲರ ಎದುರು ಅವನ ಬಾಯಿಂದ ಎಂತ ಬರ್ತದೆ ಅಂತ ನೋಡ್ಲಿಕ್ಕೇ ಪಾತ್ರೆ ತಂದು ಇಟ್ಟದ್ದು. ನೋಡಿ ಆಯ್ತು.”

“ಆಗ್ಲಿ! ನಾಳೆಯೇ ವಿಟ್ಲದವರಿಗೆ ಬರ್ಲಿಕ್ಕೆ ಹೇಳ್ತೇನೆ.”

“ಹೇಳಿ. ಬರ್ಲಿ. ಕಾಫಿ ಕೊಡುವ. ಆದ್ರೆ ಅನ್ನ ಮಾಡುದು ನಾನಲ್ವಾ? ಇವಳು ಹೂಂ ಹೇಳದೆ ನಾನು ಯಾರಿಗೂ ಅಕ್ಕಿ ತೊಳೆಯುದಿಲ್ಲ. ಅಜ್ಜಾವರದವರಿಗೂ ಇಲ್ಲ, ವಿಟ್ಲದವರಿಗೂ ಇಲ್ಲ. ಉಣ್ಣದೆ ಅದು ಹೇಗೆ ಒಪ್ಪಿದ ಹಾಗೆ ಆಗ್ತದೆ ಅಂತ ನಾನೂ ನೋಡ್ತೇನೆ.”

ಇಪ್ಪತ್ತೈದು ವರ್ಷದಲ್ಲಿ ಹೆಂಡತಿ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಭಟ್ಟರು ಕೇಳಿರಲಿಲ್ಲ. ವಸುಮತಿಯೂ ಕೇಳಿರಲಿಲ್ಲ. ಇಡೀ ದಿನ ಬಾರದ ಅಳು ಈಗ ಬಂತು, ಅವಳು ಅಡಗಿಸಲಿಲ್ಲ.

ಮನೋರಮಾ ಮೂರು ಎಲೆ ಹಾಕಿದರು. ಮಗಳನ್ನು ಕೈಹಿಡಿದು ಕೂರಿಸಿ ಮೊದಲು ಅವಳಿಗೆ ಬಡಿಸಿದರು. ಆಮೇಲೆ ಗಂಡನ ಎಲೆಗೆ ಅನ್ನದ ಸಟ್ಟುಗ ಹಿಡಿದು, “ಬಡಿಸ್ಲಾ?” ಎಂದು ಕೇಳಿದರು.

ಭಟ್ಟರು ಮಗಳನ್ನು ನೋಡಿದರು, ಹೆಂಡತಿಯನ್ನು ನೋಡಿದರು, ತಮ್ಮ ಉರುಳಿದ ಕುರ್ಚಿಯನ್ನು ನೋಡಿದರು. ಹೊಟ್ಟೆ ಗೊರ್ ಎಂದಿತು. ಕುಂಡೆ ಒದ್ದೆಯಾದರೂ ಆಗಲಿ ಎಂದು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಲೆಗೆ ನೀರು ಚಿಮುಕಿಸಿದರು.

“ಬಡಿಸು,” ಎಂದರು. ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು.